ಎಡಕ್ಕೆ ವಾಲಿದ ಅಂಬಾಸಿಡರ್

ಬ್ಲಾಗಿನ ಕಡೆ ತಲೆ ಹಾಕದೆ ಹತ್ತಿರ ಹತ್ತಿರ ಐದು ತಿಂಗಳಾಯ್ತು. ಆಫೀಸು, ರಿಲೀಸು, ಡೆಡ್‌ಲೈನು ಅಂತ ಕಾರಣ ಕೊಡಬಹುದು, ಆದರೆ ಅದು ಸುಳ್ಳು. ಈ ಐದು ತಿಂಗಳ ಬಹುತೇಕ ಶನಿವಾರ, ಭಾನುವಾರ ನಾನು ಐರಣಿಯಲ್ಲಿ, ನಮ್ಮ ಹಳೇ ದನದ ಕೊಟ್ಟಿಗೆಯಲ್ಲಿ, ಒಂದು ಕಾರಿನ ಕೆಳಗೆ ಅಂಗಾತ ಮಲಗಿದ್ದೆ. ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಬಸ್ಸು ಹತ್ತುವುದು, ಬೆಳಗಿನ ಜಾವ ರಾಣೆಬೆನ್ನೂರಲ್ಲಿ ಇಳಿಯುವುದು, ಭಾನುವಾರ ರಾತ್ರಿ ಉಗುರಿನ ಸಂದಿಯಲ್ಲಿ ಗ್ರೀಸು ಹೊತ್ತುಕೊಂಡು ವಾಪಸ್ಸು. ಸೋಮವಾರ ಮೀಟಿಂಗಿನಲ್ಲಿ ಕ್ಯಾಮೆರಾ ಆನ್ ಮಾಡಿದಾಗ ಕೈ ಕೆಳಗೆ ಇಟ್ಟುಕೊಳ್ಳುತ್ತಿದ್ದೆ :-)

ಕಾರು ಅಂಬಾಸಿಡರ್. 1986ರ ಮಾರ್ಕ್ 4, ಡೀಸೆಲ್. ಅಜ್ಜ ತಗೊಂಡಿದ್ದು, ಅಪ್ಪ ಓಡಿಸಿದ್ದು. ಆಗ ನಮ್ಮೂರು ಧಾರವಾಡ ಜಿಲ್ಲೆ. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ, ನಾನು ಹುಟ್ಟಿದ್ದೂ ಅದೇ ವರ್ಷ. ಅವ್ವನಿಗೆ ನೋವು ಶುರುವಾದ ರಾತ್ರಿ ಅಪ್ಪ ಇದೇ ಗಾಡಿಯಲ್ಲಿ ಹೊಳೆ ದಾಟಿಸಿ ಹರಿಹರದ ಮೇಲೆ ದಾವಣಗೆರೆಗೆ ಕರಕೊಂಡು ಹೋಗಿದ್ದನಂತೆ. ಹಾಗಾಗಿ ಈ ಗಾಡಿಯಲ್ಲಿ ನನ್ನ ಮೊದಲ ಸವಾರಿ ಹುಟ್ಟುವುದಕ್ಕಿಂತ ಮುಂಚೆಯೇ ಆಗಿಹೋಗಿದೆ.

ಐರಣಿ ಗೊತ್ತಿಲ್ಲದವರಿಗೆ ಒಂದು ಮಾತು. ರಾಣೆಬೆನ್ನೂರು ತಾಲೂಕು, ತುಂಗಭದ್ರೆಯ ದಂಡೆ. ಹಳೇ ಕೋಟೆ ಇದೆ, ಹೊಳೆಮಠ ಇದೆ, ಉಳಿದದ್ದೆಲ್ಲ ಗೋವಿನಜೋಳ. 108 ಆಂಬುಲೆನ್ಸು ಕರ್ನಾಟಕಕ್ಕೆ ಬಂದದ್ದು 2008ರ ಕೊನೆಗೆ. ಅದಕ್ಕಿಂತ ಮೊದಲು ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ, ಹಾವು ಕಚ್ಚಿದರೆ, ಹೆರಿಗೆ ನೋವು ಬಂದರೆ, ನಮ್ಮ ಓಣಿಯವರು ಬಂದು ಬಾಗಿಲು ಬಡಿಯುತ್ತಿದ್ದದ್ದು ನಮ್ಮ ಮನೆಯದೇ. ಅಪ್ಪ ಅಂಗಿ ಹಾಕಿಕೊಳ್ಳುತ್ತಲೇ ಓಡುತ್ತಿದ್ದ. ಎಷ್ಟೋ ಸಲ ದುಡ್ಡೂ ಬರುತ್ತಿರಲಿಲ್ಲ.

2007ರ ಮಳೆಗಾಲದ ಒಂದು ರಾತ್ರಿ ಹಾಗೇ ಹೋಗಿದ್ದ. ಹಿಂದಿನ ಸೀಟಿನಲ್ಲಿ ನಮ್ಮ ಓಣಿಯ ಕಿರಾಣಿ ಅಂಗಡಿ ಅಜ್ಜ, ಅವರ ಮಗ, ಸೊಸೆ. ದಾರಿಯಲ್ಲಿ ಒಂದು ಹಳ್ಳದ ಹತ್ತಿರ ಗಾಡಿಯ ಎಡ ಮುಂಭಾಗ ಢಣ್ ಅಂತ ಸದ್ದು ಮಾಡಿ ಕುಸಿದು ಕೂತಿತು. ಗಾಲಿ ಮಡಗಾರ್ಡಿಗೆ ಕಚ್ಚಿಕೊಂಡು ಗಾಡಿ ಕದಲಲಿಲ್ಲ. ಆ ಮಳೆಯಲ್ಲಿ ಇನ್ನೊಂದು ಗಾಡಿ ಸಿಗುವ ತನಕ ಮುಕ್ಕಾಲು ತಾಸು. ಅಜ್ಜ ಆಸ್ಪತ್ರೆ ಸೇರಿದರು, ಮೂರನೇ ದಿನ ತೀರಿಕೊಂಡರು. ಯಾರೂ ಅಪ್ಪನಿಗೆ ಒಂದು ಮಾತು ಅನ್ನಲಿಲ್ಲ. ಅಜ್ಜನ ಮನೆಯಿಂದ ಈಗಲೂ ಹಬ್ಬಕ್ಕೆ ಹೋಳಿಗೆ ಬರುತ್ತೆ. ಅಪ್ಪ ಮಾತ್ರ ಆ ಮನೆ ಮುಂದಿನ ದಾರಿಯಲ್ಲಿ ಓಡಾಡುವುದನ್ನೇ ಬಿಟ್ಟ. ಹೊಲಕ್ಕೆ ಸುತ್ತು ಹಾಕಿಕೊಂಡು ಹೋಗುತ್ತಾನೆ. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿ ತಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದ. ಅದು ಅಲ್ಲೇ 16 ವರ್ಷ ನಿಂತಿತು.

ನನಗೆ ಕೆಲಸ ಸಿಕ್ಕ ಹೊಸದರಲ್ಲಿ, 2019ರಲ್ಲಿ, ದೊಡ್ಡ ಮನುಷ್ಯನ ಹಾಗೆ "ಗುಜರಿಗೆ ಕೊಟ್ ಬಿಡು ಅಪ್ಪಾ, ನಾ ಹೊಸಾದ್ ಕೊಡಸ್ತೀನಿ" ಅಂದಿದ್ದೆ. ಅಪ್ಪ ಉಣ್ಣುತ್ತಿದ್ದವನು ಎದ್ದು ಕೈ ತೊಳೆದುಕೊಂಡ. ಆಮೇಲೆ ನಮ್ಮಿಬ್ಬರ ಮಧ್ಯೆ ಮಳೆ, ಬೆಳೆ, ಫೋನ್ ರೀಚಾರ್ಜು ಬಿಟ್ಟು ಬೇರೆ ಮಾತು ಕಮ್ಮಿ ಆಯ್ತು. 2023ರಲ್ಲಿ ನಾನೇ ಕಾರು ರಿಪೇರಿ ಮಾಡ್ತೀನಿ ಅಂದಾಗ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಬೀಗದ ಕೈ ತಂದು ಕಟ್ಟೆ ಮೇಲೆ ಇಟ್ಟು ಹೋದ.

ಇಂಜಿನ್ನು, ವೈರಿಂಗು, ತಗಡು ಕೆಲಸ, ಬಣ್ಣ, ಇವೆಲ್ಲ ಮುಗಿಯುವುದಕ್ಕೆ ಸುಮಾರು ಎರಡು ವರ್ಷ ಹಿಡಿಯಿತು. ಅದರ ಕತೆ ಬೇಡ. ರಾಣೆಬೆನ್ನೂರಿನ ಒಬ್ಬ ಹಳೇ ಮೆಕ್ಯಾನಿಕ್ ಸಿಕ್ಕರು, ಎಲ್ಲರೂ ಚಾಚಾ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಅಪ್ಪನ ಕಾಲದಿಂದ ಈ ಗಾಡಿ ನೋಡಿದವರು, ಈಗ ಗ್ಯಾರೇಜು ಮಗನಿಗೆ ಬಿಟ್ಟಿದ್ದಾರೆ. ಮುಂದಿನ ಆರ್ಮುಗಳ ಬುಷ್ ತಯಾರಿಸಿಕೊಟ್ಟವರು ಹರಿಹರದ ಒಬ್ಬ ಟರ್ನರು. ಲೇತ್ ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರಿನಲ್ಲಿ ದುಡಿದವರು. ಆ ಕಾರ್ಖಾನೆ ಈಗ ಇಲ್ಲ, ಕೈ ಮಾತ್ರ ಹಾಗೇ ಇದೆ. ಕ್ಯಾಲಿಪರ್ ಹಚ್ಚಿ ನೋಡಿ ದಂಗಾದೆ.

ಇನ್ನು ಮುಖ್ಯ ವಿಷಯಕ್ಕೆ ಬರ್ತೀನಿ. ಅಂಬಾಸಿಡರ್ ಮುಂದಿನ ಗಾಲಿಗಳಿಗೆ ಫಿಯೆಟ್ ಪದ್ಮಿನಿಗಿದ್ದ ಹಾಗೆ ಕಾಯಿಲ್ ಸ್ಪ್ರಿಂಗ್ ಇಲ್ಲ. ಇರುವುದು ಎರಡು ಉಕ್ಕಿನ ಸರಳು, ಟಾರ್ಷನ್ ಬಾರ್. ಗಾಡಿಯ ಉದ್ದಕ್ಕೆ, ಎಡಕ್ಕೊಂದು ಬಲಕ್ಕೊಂದು ಮಲಗಿರುತ್ತವೆ. ಮುಂದಿನ ತುದಿ ಗಾಲಿಯ ಕೆಳಗಿನ ಆರ್ಮಿಗೆ, ಹಿಂದಿನ ತುದಿ ಸೀಟಿನ ಕಡೆ ಬಾಡಿಯ ಅಡ್ಡ ಚಾನೆಲ್ಲಿಗೆ ಬಿಗಿ. ಗಾಲಿ ಗುಂಡಿಗೆ ಬಿದ್ದು ಏಳುವಾಗ ಆರ್ಮು ಮೇಲೆ ಹೋಗುತ್ತೆ, ಸರಳು ತಿರುಚಿಕೊಳ್ಳುತ್ತೆ. ಒದ್ದೆ ಪಂಚೆ ಹಿಂಡುವಾಗ ಒಂದು ತುದಿ ಒಬ್ಬರು ಗಟ್ಟಿ ಹಿಡಿದು ಇನ್ನೊಂದು ತುದಿ ಇನ್ನೊಬ್ಬರು ತಿರುವುತ್ತಾರಲ್ಲ, ಹಾಗೆ. ಬಿಟ್ಟರೆ ಸರಳು ವಾಪಸ್ ತಿರುಗುತ್ತೆ, ಪಂಚೆ ತಿರುಗಲ್ಲ, ಅಷ್ಟೇ ವ್ಯತ್ಯಾಸ.

ಇದು ಅಂಬಾಸಿಡರಿನ ಸ್ವಂತ ಬುದ್ಧಿ ಏನಲ್ಲ. ಸಿಟ್ರೊಯೆನ್ ಕಂಪನಿ 1934ರಲ್ಲೇ ತನ್ನ ಕಾರಿಗೆ ಇದನ್ನು ಹಾಕಿತ್ತು. ಇಂಗ್ಲೆಂಡಿನಲ್ಲಿ 1948ರ ಮಾರಿಸ್ ಮೈನರಿಗೆ ಅಲೆಕ್ ಇಸಿಗೋನಿಸ್ ಹಾಕಿದ. ಮುಂದೆ 1959ರಲ್ಲಿ ಮಿನಿ ಕಾರು ಮಾಡಿದ ಅದೇ ಪುಣ್ಯಾತ್ಮ. ಮೈನರಿನ ಅಣ್ಣ ಮಾರಿಸ್ ಆಕ್ಸ್‌ಫರ್ಡ್‌ಗೂ ಅದೇ ಬಂತು. ಆ ಆಕ್ಸ್‌ಫರ್ಡಿನ ಮೂರನೇ ಸೀರೀಸೇ ನಮ್ಮ ಅಂಬಾಸಿಡರ್. ಕೋಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತನಕ ತಯಾರಾಯ್ತು. 2017ರಲ್ಲಿ ಹೆಸರನ್ನು ಮಾತ್ರ 80 ಕೋಟಿ ರೂಪಾಯಿಗೆ ಪೂಜೋ ಕಂಪನಿ ಕೊಂಡುಕೊಂಡಿತು. ಹೆಸರಿಗೆ 80 ಕೋಟಿ, ನನಗೆ ಒಂದು ಬುಷ್ ಸಿಗಲಿಲ್ಲ. ಇರಲಿ.

2007ರಲ್ಲಿ ಮುರಿದದ್ದು ಎಡಗಡೆಯ ಸರಳು. ನನಗೆ ಹುಬ್ಬಳ್ಳಿಯ ಗುಜರಿಯಲ್ಲಿ ಒಂದು ಹಳೇ ಸರಳು ಸಿಕ್ಕಿತು. ತುಕ್ಕು ಇರಲಿಲ್ಲ, ನೇರವಾಗಿತ್ತು, ಹಲ್ಲು ಚೆನ್ನಾಗಿದ್ದವು. ಒಂದೂವರೆ ದಿನ ಒದ್ದಾಡಿ ಹಾಕಿದೆ. ಜಾಕ್ ಇಳಿಸಿದೆ. ಎದುರಿಗೆ ನಿಂತು ನೋಡಿದರೆ ಕಾರು ಎಡಕ್ಕೆ ವಾಲಿತ್ತು.

ಹೊಸ ಬಣ್ಣ, ಹೊಸ ಕ್ರೋಮು, ಎಲ್ಲ ಇದ್ದೂ ಒಂದು ಕಾಲು ಗಿಡ್ಡ ಇರುವ ಮದುಮಗನ ಹಾಗೆ ಕಾಣುತ್ತಿತ್ತು. ಗಾಲಿಯ ನಡುವಿನಿಂದ ಮಡಗಾರ್ಡ್ ಅಂಚಿನ ತನಕ ಟೇಪು ಹಿಡಿದೆ. ಬಲಕ್ಕಿಂತ ಎಡಗಡೆ 45 ಮಿಲಿಮೀಟರ್ ಕಮ್ಮಿ. ಅಪ್ಪ ಕಟ್ಟೆ ಮೇಲಿಂದ ಒಂದು ಸಲ ನೋಡಿ ಎದ್ದು ಹೋದ. ಆ ರಾತ್ರಿ ಕುಸಿದಿದ್ದೂ ಅದೇ ಮೂಲೆ ಅಲ್ಲವೇ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಸರಳಿನ ಹಿಂದಿನ ತುದಿ ಬಿಚ್ಚಿ ಒಂದು ಹಲ್ಲು ಸರಿಸಿ ಮತ್ತೆ ಕೂಡಿಸಿದೆ. ಇದರಲ್ಲಿ ಒಂದು ಜಾಣತನದ ಸಂಗತಿ ಇದೆ, ಹೇಳದೇ ಇರಲಾರೆ. ಫೋಕ್ಸ್‌ವ್ಯಾಗನ್ ಬೀಟಲಿನ ಹಿಂದಿನ ಟಾರ್ಷನ್ ಬಾರಿಗೆ ಒಳಗಿನ ತುದಿಯಲ್ಲಿ 40 ಹಲ್ಲು, ಹೊರಗಿನ ತುದಿಯಲ್ಲಿ 44. ಒಂದು ಕಡೆ ಒಂದು ಹಲ್ಲು ಮುಂದೆ ಹೋದರೆ 9 ಡಿಗ್ರಿ, ಇನ್ನೊಂದು ಕಡೆ ಒಂದು ಹಲ್ಲು ಹಿಂದೆ ಬಂದರೆ ಸುಮಾರು 8.2 ಡಿಗ್ರಿ. ಎರಡೂ ಮಾಡಿದರೆ ಒಂದು ಡಿಗ್ರಿಗಿಂತ ಕಮ್ಮಿ ಹೊಂದಿಸಬಹುದು. ಹಲ್ಲು ಎಣಿಸಿ ಇಟ್ಟವನ ತಲೆಗೆ ನಮಸ್ಕಾರ.

ನನ್ನ ಕಾರಿನ ಮೂತಿ ಏರಿತು. ಖುಷಿಯಿಂದ ಬೆಂಗಳೂರಿಗೆ ಹೋದೆ. ದಿನಾ ಬೆಳಿಗ್ಗೆ ಅಳತೆ ಹೇಳು ಅಂತ ಅವ್ವನಿಗೆ ಹೇಳಿದ್ದೆ, ಹೊಲಿಗೆ ಮಷಿನ್ನಿನ ಟೇಪು ಹಿಡಿದು ಫೋನಿನಲ್ಲಿ ಹೇಳುತ್ತಿದ್ದಳು. ಸೋಮವಾರಕ್ಕಿಂತ ಮಂಗಳವಾರ 2 ಮಿಲಿಮೀಟರ್ ಕಮ್ಮಿ. ಬುಧವಾರ ಮತ್ತೆ 2. ಮುಂದಿನ ಶನಿವಾರ ಊರಿಗೆ ಹೋಗುವಷ್ಟರಲ್ಲಿ ಏರಿಸಿದ್ದೆಲ್ಲ ಇಳಿದು ಮೊದಲಿನ 45ಕ್ಕೆ ಬಂದು ನಿಂತಿತ್ತು. ಇನ್ನೊಂದು ಹಲ್ಲು ಏರಿಸಲು ಪಾನಾ ತಗೊಂಡೆ. ಚಾಚಾ ಕೈ ಹಿಡಿದರು.

"ಎಷ್ಟ್ ಬಿಗಿ ಮಾಡ್ತೀರಿ ಇಂಜಿನೇರ್ರ? ಇದು ಪಾಯಜಾಮದ ಲಾಡಿ ಅಲ್ರಿ."

ಇಲ್ಲಿ ನನ್ನ ಮಾನ ಕಳೆದುಕೊಳ್ಳುವ ಒಂದು ಸಂಗತಿ ಹೇಳಬೇಕು. ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡು ಸಾಫ್ಟ್‌ವೇರು. ಟಾರ್ಷನ್ ಸೂತ್ರ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡವನು. ಸರಳಿನ ಬಿಗುವು ಅದರ ದಪ್ಪದ ನಾಲ್ಕನೇ ಘಾತದ ಮೇಲೆ ನಿಂತಿದೆ, ತುಕ್ಕು ಹಿಡಿದು ಉದ್ದಕ್ಕೂ ದಪ್ಪ ನೂರಕ್ಕೆ ಐದರಷ್ಟು ಕಮ್ಮಿಯಾದರೆ ಬಿಗುವು ನೂರಕ್ಕೆ ಹದಿನೆಂಟರಷ್ಟು ಹೋಗುತ್ತೆ, ಇದೆಲ್ಲ ಗೊತ್ತಿತ್ತು. ಆದರೂ ಹಲ್ಲು ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತೆ ಅಂತ ಮನಸ್ಸಿನ ಮೂಲೆಯಲ್ಲಿ ನಂಬಿಕೊಂಡಿದ್ದೆ. ಆಗಲ್ಲ. ಸ್ಪ್ರಿಂಗ್ ತಕ್ಕಡಿಯನ್ನು ಮೇಲಿನ ಮೊಳೆಗೆ ನೇತುಹಾಕಿದರೂ ಅಷ್ಟೇ, ಕೆಳಗಿನ ಮೊಳೆಗೆ ನೇತುಹಾಕಿದರೂ ಅಷ್ಟೇ, ಹತ್ತು ಕೆಜಿಗೆ ಅದು ಇಳಿಯುವುದು ಅಷ್ಟೇ. ಹಲ್ಲು ಸರಿಸುವುದು ಅಂದರೆ ಮೊಳೆ ಬದಲಿಸುವುದು. ಎತ್ತರ ಬದಲಾಗುತ್ತೆ, ಗಟ್ಟಿತನ ಅಲ್ಲ. ಅದಕ್ಕೇ ಎತ್ತರ ಹೊಂದಿಸಿ ರೋಗ ಮುಚ್ಚಬಾರದು, ಮೊದಲು ರೋಗ ಹುಡುಕಬೇಕು. ಕೋಡಿನಲ್ಲಿ ಎರರ್ ಬಂದ ಕಡೆಯಲ್ಲೇ ತೇಪೆ ಹಾಕಿ ಕೈ ತೊಳೆದುಕೊಳ್ಳುವವರನ್ನು ಆಫೀಸಿನಲ್ಲಿ ನಾನೇ ಬಯ್ಯುತ್ತೇನೆ.

ಚಾಚಾ ಕೇಳಿದ ಮೊದಲ ಪ್ರಶ್ನೆ: "ನೆಲ ಸಮಾ ಐತೇನು?"

ಕೊಟ್ಟಿಗೆಯ ನೆಲ ಕಲ್ಲು ಹಾಸಿದ್ದು. ನೋಡುವುದಕ್ಕೆ ಸಮವೇ. ಗೌಂಡಿಗಳು ಬಳಸುವ ನೀರು ತುಂಬಿದ ಲೆವೆಲ್ ಪೈಪು ಪಕ್ಕದ ಮನೆಯಿಂದ ತಂದೆ. ಅದಕ್ಕೆ ಇಬ್ಬರು ಬೇಕು, ಆ ತುದಿಗೊಬ್ಬರು ಈ ತುದಿಗೊಬ್ಬರು. ಚಾಚಾಗೆ ಮೊಣಕಾಲು ನೋವು, ಬಗ್ಗಲು ಆಗಲ್ಲ. ಅವ್ವ ಒಲೆ ಮುಂದೆ. ನಾನು ಪೈಪಿನ ಎರಡೂ ತುದಿ ಹಿಡಿದುಕೊಂಡು ಪೆಚ್ಚಾಗಿ ನಿಂತಿದ್ದಾಗ ಅಪ್ಪ ಕಟ್ಟೆಯಿಂದ ಇಳಿದು ಬಂದು ಒಂದು ತುದಿ ಇಸಕೊಂಡ. ಏನೂ ಮಾತಾಡಲಿಲ್ಲ. "ಗುಳ್ಳಿ ತೆಗಿ" ಅಂದ ಅಷ್ಟೇ. ಪೈಪಿನಲ್ಲಿ ಗಾಳಿಗುಳ್ಳೆ ಇದ್ದರೆ ಲೆವೆಲ್ ಸುಳ್ಳು ಹೇಳುತ್ತೆ, ನನಗೆ ಗೊತ್ತಿರಲಿಲ್ಲ.

ಎಡ ಮುಂದಿನ ಗಾಲಿಯ ಕೆಳಗಿನ ಕಲ್ಲು ಉಳಿದ ಮೂರಕ್ಕಿಂತ 18 ಮಿಲಿಮೀಟರ್ ಎತ್ತರ ಇತ್ತು! ಒಂದು ಗಾಲಿ ಎತ್ತರದಲ್ಲಿ ನಿಂತರೆ ಆ ಮೂಲೆ ಅಮುಕಿಕೊಳ್ಳುತ್ತೆ, ಅದರ ಪಕ್ಕದ್ದು ಹಿಗ್ಗುತ್ತೆ. ಕಾರನ್ನು ತಳ್ಳಿಕೊಂಡು ಹೋಗಿ ಕಣದಲ್ಲಿ ನಿಲ್ಲಿಸಿದೆವು. ನಾಲ್ಕೂ ಗಾಲಿಯ ಕೆಳಗೆ ಹಲಗೆ ಇಟ್ಟು ಲೆವೆಲ್ ಮಾಡಿ, ಕಾರನ್ನು ಹಿಂದೆ ಮುಂದೆ ಅಲ್ಲಾಡಿಸಿ, ಮತ್ತೆ ಅಳೆದೆವು. 45 ಇದ್ದದ್ದು 36 ಆಯ್ತು. ಒಂಬತ್ತು ಮಿಲಿಮೀಟರ್ ರೋಗ ನೆಲದ್ದು.

ಉಳಿದ 36? ಎರಡನೇ ಪರೀಕ್ಷೆಯನ್ನು ಗಾಡಿ ಇರುವವರು ನೆನಪಿಟ್ಟುಕೊಳ್ಳಿ, ಖರ್ಚಿಲ್ಲದ್ದು. ಹಿಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್ ಗುಂಡಿನ ನಟ್ಟನಡುವೆ ಜಾಕ್ ಕೊಟ್ಟು ಹಿಂದಿನ ಗಾಲಿ ಎರಡನ್ನೂ ನೆಲದಿಂದ ಎತ್ತಬೇಕು. ಮುಂದಿನ ಗಾಲಿಗೆ ಕಲ್ಲು ಕೊಡುವುದು, ಯಾರೂ ಕೆಳಗೆ ಹೋಗದಿರುವುದು ಮುಖ್ಯ. ಆಗ ಗಾಡಿಯ ಹಿಂಭಾಗ ಒಂದೇ ಬಿಂದುವಿನ ಮೇಲೆ ನಿಂತಿರುತ್ತೆ, ಎಡಕ್ಕೋ ಬಲಕ್ಕೋ ವಾಲಿಸುವ ಶಕ್ತಿ ಅದಕ್ಕಿರಲ್ಲ. ಈಗಲೂ ಮುಂದೆ ವಾಲಿದ್ದರೆ ತಪ್ಪು ಮುಂದಿನದೇ. ಸಮ ಆದರೆ ತಪ್ಪು ಹಿಂದಿನದು.

ಅಳೆದೆ. 14. ಅಂದರೆ 36ರಲ್ಲಿ 22 ಹಿಂದಿನಿಂದ ಬರುತ್ತಿತ್ತು.

"ಬಲಗಡೆ ಹಿಂದ ಒಂದ್ ಪ್ಲೇಟ್ ಜಾಸ್ತಿ ಐತಿ" ಅಂದ ಅಪ್ಪ. ಅಷ್ಟು ಹೊತ್ತು ಸುಮ್ಮನೆ ನಿಂತಿದ್ದವನು.

ನಾನು ಎರಡು ವರ್ಷದಲ್ಲಿ ಆ ಪ್ಲೇಟುಗಳಿಗೆ ಎರಡು ಸಲ ಬಣ್ಣ ಹೊಡೆದಿದ್ದೆ. ಎಣಿಸಿರಲಿಲ್ಲ. ಎಡಗಡೆಗಿಂತ ಬಲಗಡೆ ಒಂದು ಹೆಚ್ಚು, ಯಾವುದೋ ಜೀಪಿನ ಪ್ಲೇಟು, ಕೊಯ್ದು ಕೂಡಿಸಿದ್ದು. 2005ರಲ್ಲಿ ಬಲ ಹಿಂದಿನ ಪ್ಲೇಟು ಕಟ್ಟಾಗಿತ್ತಂತೆ. ಬದಲಿಸುವಾಗ ಗಟ್ಟಿ ಇರಲಿ ಅಂತ ಒಂದು ಹೆಚ್ಚಿಗೆ ಹಾಕಿಸಿದ್ದ. ಎರಡೂ ಕಡೆ ಹಾಕಿಸಬೇಕಿತ್ತು, ಒಂದಕ್ಕೇ ದುಡ್ಡಿತ್ತು. ಆ ಜೂನಿನಲ್ಲೇ ನನ್ನನ್ನು ರಾಣೆಬೆನ್ನೂರಿನ ಇಂಗ್ಲಿಷ್ ಮೀಡಿಯಮ್ ಸ್ಕೂಲಿಗೆ ಸೇರಿಸಿದ್ದು ಅಂತ ಅವ್ವ ಆಮೇಲೆ ಹೇಳಿದಳು. ಅಪ್ಪ ಹೇಳಲಿಲ್ಲ.

ನಾಲ್ಕು ಕಾಲಿನ ಮಂಚದ ಒಂದು ಕಾಲಿನ ಕೆಳಗೆ ಇಟ್ಟಿಗೆ ಚೂರು ಇಟ್ಟರೆ ಭಾರ ಆ ಕಾಲಿನ ಮೇಲೂ ಅದರ ಮೂಲೆಗೆ ಎದುರಿನ ಕಾಲಿನ ಮೇಲೂ ಬೀಳುತ್ತೆ, ಉಳಿದೆರಡು ಹಗುರಾಗುತ್ತವೆ. ಹಾಗೆ ಬಲ ಹಿಂದಿನ ಮೂಲೆ ಎತ್ತಿದರೆ ಭಾರ ಬೀಳುವುದು ಎಡ ಮುಂದಿನ ಮೂಲೆಯ ಮೇಲೆ. 2005ರಿಂದ 2007ರ ತನಕ ಎರಡು ವರ್ಷ ಒಂಬತ್ತು ಹತ್ತು ಜನರನ್ನು ತುಂಬಿಕೊಂಡು ಓಡಿದ ಗಾಡಿಯಲ್ಲಿ ಎಡ ಮುಂದಿನ ಸರಳು ತನ್ನ ಪಾಲಿಗಿಂತ ಹೆಚ್ಚು ಹೊತ್ತಿತ್ತು.

ಇದು ನನಗೆ ಹೊಳೆದ ಕ್ಷಣದಲ್ಲೇ ಅಪ್ಪನಿಗೂ ಹೊಳೆದಿರಬೇಕು ಅಂದುಕೊಂಡೆ. ಮುಖ ನೋಡುವ ಧೈರ್ಯ ಆಗಲಿಲ್ಲ.

ಮಿಕ್ಕ 14ರ ಕತೆ ಬೇಗ ಮುಗಿಸ್ತೀನಿ. ದಿನಾ 2 ಮಿಲಿಮೀಟರ್ ಇಳಿಯುತ್ತಿದ್ದದ್ದು ಇದೇ. ಚಾಚಾ ಹುಬ್ಬಳ್ಳಿಯ ಸರಳನ್ನು ಬಿಚ್ಚಿಸಿದರು. ಹಾಗೆ ಬಿಚ್ಚುವ ಮೊದಲು ಆರ್ಮಿನ ಕೆಳಗೆ ಜಾಕ್ ಕೊಟ್ಟು ತಿರುಚು ಪೂರ್ತಿ ಇಳಿಸಬೇಕು. ಮರೆತು ಬೋಲ್ಟು ಬಿಚ್ಚಿದರೆ ಲಿವರ್ ಚಾಟಿಯ ಹಾಗೆ ಬೀಸುತ್ತೆ, ಕೈ ಹೋಗುತ್ತೆ. ಸರಳಿನ ತುದಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿ ಕನ್ನಡಕ ಏರಿಸಿ ನೋಡಿದರು. ಪಂಚ್ ಹೊಡೆದ ಒಂದು ಗುರುತಿತ್ತು. ಬಲಗಡೆಯ ಸರಳಿನ ತುದಿಯಲ್ಲೂ ಅದೇ ಗುರುತು. ನಾನು ಎಡಕ್ಕೆ ಹಾಕಿದ್ದು ಬಲಗಡೆಯ ಸರಳು.

"ಉದ್ದ ಒಂದೇ, ದಪ್ಪ ಒಂದೇ, ಹಲ್ಲು ಒಂದೇ, ಏನ್ ಫರಕ್ ಆಗ್ತೈತಿ ಚಾಚಾ?"

"ಹಗ್ಗ ಹೊಸೆದ ದಿಕ್ಕಿಗೇ ತಿರುವಿದ್ರ ಬಿಗಿ ಆಗ್ತೈತಿ. ಉಲ್ಟಾ ತಿರುವಿದ್ರ ಬಿಚ್ಕೊಂತೈತಿ. ಇದೂ ಹಂಗ."

ಉಕ್ಕಿಗೆ ಹಗ್ಗದ ಹಾಗೆ ಎಳೆ ಇರಲ್ಲ, ಆದರೆ ಮಾತು ಸರಿ. ಇಂಥ ಸರಳನ್ನು ಕಾರ್ಖಾನೆಯಲ್ಲೇ ಅದು ಮುಂದೆ ದುಡಿಯುವ ದಿಕ್ಕಿಗೆ, ಅದರ ಮಿತಿ ಮೀರಿ ಒಮ್ಮೆ ತಿರುಚಿ ಬಿಟ್ಟಿರುತ್ತಾರೆ. ಹೊರಮೈ ಉಕ್ಕು ಸ್ವಲ್ಪ ಶಾಶ್ವತವಾಗಿ ಸರಿದು, ಒಳಗೆ ಎದುರು ದಿಕ್ಕಿನ ಒಂದು ಬಿಗುವು ಉಳಿದುಕೊಳ್ಳುತ್ತೆ. ಆಮೇಲೆ ಅದೇ ದಿಕ್ಕಿಗೆ ಭಾರ ಬಿದ್ದಾಗ ಆ ಬಿಗುವು ಕಾಪಾಡುತ್ತೆ. ಎದುರು ದಿಕ್ಕಿಗೆ ತಿರುಚಿದರೆ ಕಾಪಾಡಬೇಕಾದ್ದೇ ಮೇಲೆ ಬೀಳುತ್ತೆ, ಸರಳು ದಿನ ದಿನಕ್ಕೆ ಸೋತು ಇಳಿಯುತ್ತೆ, ಕೊನೆಗೊಮ್ಮೆ ಮುರಿಯುತ್ತೆ. ಎಡ ಬಲ ಕನ್ನಡಿಯ ಹಾಗೆ ಇರುವುದರಿಂದ ಎರಡೂ ಎದುರು ಬದುರು ದಿಕ್ಕಿಗೆ ತಿರುಚಿಕೊಳ್ಳುತ್ತವೆ, ಅದಕ್ಕೇ ಅದಲು ಬದಲು ಮಾಡಬಾರದು. ನಾನು ಇನ್ನೊಂದು ಹಲ್ಲು ಏರಿಸಿ ಅಪ್ಪನನ್ನು ಕೂರಿಸಿಕೊಂಡು ರಸ್ತೆಗೆ ಹೋಗಿದ್ದಿದ್ದರೆ? ಆ ಯೋಚನೆ ಬಂದ ರಾತ್ರಿ ನಿದ್ದೆ ಹತ್ತಲಿಲ್ಲ.

ಸರಿಯಾದ ಎಡ ಸರಳು ಚಾಚಾ ದಾವಣಗೆರೆಯಲ್ಲಿ ಹುಡುಕಿಸಿದರು, ಅದಕ್ಕೆ ಮೂರು ವಾರ ಹಿಡಿಯಿತು. ಅದರ ಜೊತೆ ಹಚ್ಚಿ ನೋಡಲು ಮುರಿದ ಹಳೇ ಸರಳು ಇದ್ದರೆ ಚೆನ್ನಾಗಿತ್ತು ಅಂದೆ. ಅಪ್ಪ ಒಳಗೆ ಹೋಗಿ, ಅಟ್ಟ ಹತ್ತಿ, ಗೋಣಿಚೀಲದಲ್ಲಿ ಸುತ್ತಿದ ಎರಡು ತುಂಡು ತಂದು ಮುಂದಿಟ್ಟ. 2007ರಿಂದ ಇಟ್ಟುಕೊಂಡಿದ್ದ.

ಚಾಕ್‌ಪೀಸನ್ನು ಎರಡು ಕೈಯಲ್ಲಿ ಹಿಡಿದು ತಿರುಚಿ ಮುರಿದರೆ ಓರೆಯಾಗಿ ಸುರುಳಿಯ ಹಾಗೆ ಮುರಿಯುತ್ತಲ್ಲ, ಈ ಸರಳೂ ಹಾಗೇ ಮುರಿದಿತ್ತು. ಮುರಿದ ಮುಖವನ್ನು ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ ಬಿಸಿಲಿಗೆ ಹಿಡಿದೆ. ಅಂಚಿನಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗ ನುಣ್ಣಗೆ, ಕಪ್ಪಗೆ, ಸಿಂಪಿ ಚಿಪ್ಪಿನ ಮೇಲಿರುವಂಥ ಗೆರೆ ಗೆರೆ. ಉಳಿದ ಭಾಗ ಸಕ್ಕರೆ ಹರಳಿನ ಹಾಗೆ ಒರಟು. ಇದನ್ನು ಕಾಲೇಜಿನ ಪುಸ್ತಕದಲ್ಲಿ ಕಪ್ಪು ಬಿಳುಪು ಚಿತ್ರದಲ್ಲಿ ನೋಡಿದ್ದೆ, ಕೈಯಲ್ಲಿ ಹಿಡಿದದ್ದು ಮೊದಲು. ನುಣುಪು ಭಾಗ ಸ್ವಲ್ಪ ಸ್ವಲ್ಪವೇ ಬೆಳೆದ ಬಿರುಕು, ಒಂದೊಂದು ಗೆರೆಯೂ ಅದು ನಿಂತು ಮುಂದುವರಿದ ಗುರುತು. ಒರಟು ಭಾಗ ಆ ರಾತ್ರಿ ಒಂದೇ ಏಟಿಗೆ ಹೋದದ್ದು. ತಿರುಚಿದಾಗ ಹೆಚ್ಚು ಒತ್ತಡ ಬೀಳುವುದು ಸರಳಿನ ಹೊರಮೈಗೇ, ಅದಕ್ಕೇ ಅಲ್ಲೊಂದು ಸಣ್ಣ ಗೀರು ಇದ್ದರೂ ಬಿರುಕಿಗೆ ಬಾಗಿಲು ತೆರೆದ ಹಾಗೆ.

"ಅಪ್ಪಾ, ಇದು ಆವತ್ತು ಮುರಿದಿದ್ದಲ್ಲ. ಭಾಳ ದಿನದಿಂದ ಸೀಳ್ತಾ ಬಂದೈತಿ. ಯಾವತ್ತಿದ್ರೂ ಹೋಗ್ತಿತ್ತು."

ಅಪ್ಪ ಕೇಳಿದ: "ಆ ಪ್ಲೇಟಿಂದ ಏನೂ ಆಗಿಲ್ಲಾ?"

ಇಲ್ಲ ಅಂದುಬಿಡಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಬೆಳಿಗ್ಗೆ ತಾನೇ ಅವನ ಕಣ್ಣೆದುರಿಗೇ 22 ಮಿಲಿಮೀಟರ್ ಅಳೆದಿದ್ದೆ. ಅಳತೆಯ ಪಟ್ಟಿ ಅವನ ಕೈಯಲ್ಲೇ ಇತ್ತು.

"ಆಗೈತಿ. ಎಡಗಡೆ ಭಾರ ಜಾಸ್ತಿ ಬಿದ್ದೈತಿ. ಬಿರುಕು ಬೇಗ ಬೆಳೆದಿರಬೇಕು. ಆದ್ರ ಬಿರುಕು ಹುಟ್ಟಿದ್ದು ಪ್ಲೇಟಿಂದಲ್ಲ, ಇಲ್ಲಿಂದ ನೋಡು" ಅಂತ ನುಣುಪು ಭಾಗದ ಬುಡ ತೋರಿಸಿದೆ. ಹೊರಮೈ ಮೇಲೆ ಸಾಲಾಗಿ ನಾಲ್ಕೈದು ಓರೆ ಕಚ್ಚು. ಒಂದರಿಂದಲೇ ಬಿರುಕು ಹೊರಟಿತ್ತು. ಏನೋ ಕಚ್ಚಿದ ಹಾಗಿತ್ತು, ಕಲ್ಲು ಬಡಿದದ್ದಲ್ಲ.

ಚಾಚಾ ತುಂಡನ್ನು ನನ್ನ ಕೈಯಿಂದ ಇಸಕೊಂಡರು. ಬೆರಳಿನಿಂದ ಕಚ್ಚುಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಬಹಳ ಹೊತ್ತಾಯ್ತು.

"ಪೈಪ್ ಪಾನಾದ ಹಲ್ಲು ಇದು" ಅಂದರು. "ಆವಾಗ ನಮ್ಮ ಗ್ಯಾರೇಜಿನಾಗ ರಾಡ್ ತಿರುವಾಕ ಅದನ್ನ ಹಾಕ್ತಿದ್ವಿ. ಈ ಗಾಡಿ ರಾಡ್ ಬಿಚ್ಚಿದ್ರ ನಾನ ಬಿಚ್ಚಿರ್ತೀನಿ, ಬ್ಯಾರೆ ಯಾರ್ ಕೈಗೂ ಕೊಟ್ಟಿಲ್ಲ ನಿಮ್ಮಪ್ಪ."

ಅಪ್ಪ ತಕ್ಷಣ, "ಅದೇನ್ ಬಿಡ ಚಾಚಾ, ಪ್ಲೇಟ್ ಹಾಕ್ಸಿದ್ದು ನಾನ" ಅಂದ. ಚಾಚಾ, "ಪ್ಲೇಟ್ ಒಂದ ಹಾಕಬ್ಯಾಡ ಅಂತ ನಾ ಹೇಳ್ಬೇಕಿತ್ತಲಾ" ಅಂದರು. ಇಬ್ಬರೂ ಕಣದ ಕಟ್ಟೆ ಮೇಲೆ ಕೂತು ತಪ್ಪು ನಂದು ನಂದು ಅಂತ ಜಗಳಕ್ಕೆ ಬಿದ್ದವರ ಹಾಗೆ ಮಾತಾಡುತ್ತಿದ್ದರು. ಅವ್ವ ಚಹಾ ತಂದಳು. ನಾನು ಕಾರಿನ ಕೆಳಗೆ ಹೋದೆ. ಅಲ್ಲಿ ನನಗೆ ಕೆಲಸ ಏನೂ ಇರಲಿಲ್ಲ.

ಮರುದಿನ ಬಲ ಹಿಂದಿನ ಪ್ಲೇಟು ಬಿಚ್ಚಿದ್ದು ಅಪ್ಪನೇ. ನನ್ನ ಕೈಗೆ ಪಾನಾ ಕೊಡಲಿಲ್ಲ. ನಾನು ಇಂಪ್ಯಾಕ್ಟ್ ರೆಂಚ್ ತಂದಿದ್ದೆ, ಅದನ್ನು ಮುಟ್ಟಲೂ ಇಲ್ಲ, ಯು ಬೋಲ್ಟಿನ ನಟ್ಟಿಗೆ ಎಣ್ಣೆ ಬಿಟ್ಟು ಅರ್ಧ ತಾಸು ಕಾದು ಕೈಯಲ್ಲೇ ಬಿಚ್ಚಿದ. ಹೊಸ ಎಡ ಸರಳಿಗೆ ಪೈಪ್ ಪಾನಾ ಮುಟ್ಟಿಸಲಿಲ್ಲ ಅಂತ ಬೇರೆ ಹೇಳಬೇಕಿಲ್ಲ ತಾನೇ. ಕೂರಿಸುವ ಮುಂಚೆ ಅಪ್ಪ ಸರಳಿನ ಉದ್ದಕ್ಕೂ ಅಂಗೈ ಸವರಿ ನೋಡಿದ, ಗೀರು ಇದೆಯಾ ಅಂತ. ಎತ್ತಿನ ಮೈ ಸವರುವ ಹಾಗೆ.

ಹಲಗೆ ಮೇಲೆ ನಿಲ್ಲಿಸಿ ಅಳೆದಾಗ ಎಡ ಬಲ ವ್ಯತ್ಯಾಸ 3 ಮಿಲಿಮೀಟರ್. ನಾಲ್ಕು ವಾರ ಕಾದೆವು. ಪ್ರತಿ ಬೆಳಿಗ್ಗೆ ಅವ್ವನ ಫೋನು, 3. ಒಂದು ದಿನ ಅವ್ವ ನೆಗಡಿಯಿಂದ ಮಲಗಿದ್ದಳು, ಆದರೂ ಫೋನು ಬಂತು, ಆ ಕಡೆ ಅಪ್ಪನ ದನಿ: "ಮೂರ ಐತಿ. ದಿನಾ ನಾನ ಹಿಡೀತಿದ್ದೆ ಟೇಪು, ನಿಮ್ಮವ್ವಗ ಎಲ್ಲಿ ತಿಳಿಬೇಕು ಅದು." ಅಂದರೆ ಐದು ತಿಂಗಳಿಂದ ಅಳತೆ ತೆಗೆಯುತ್ತಿದ್ದವನು ಅಪ್ಪ.

ಆರ್‌ಸಿ ನವೀಕರಣ ಇನ್ನೂ ಆಗಿಲ್ಲ. 15 ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಮಾಡಿಸಬೇಕು, ನಮ್ಮದು ಎಷ್ಟು ಸಲ ತಪ್ಪಿದೆ ಅಂತ ಲೆಕ್ಕ ಹಾಕುವುದಕ್ಕೇ ಇನ್ನೊಂದು ಪೋಸ್ಟ್ ಬೇಕು. ಅಲ್ಲಿಯ ತನಕ ಹೊಲದ ದಾರಿಯೇ ಗತಿ. ಹೋದ ಭಾನುವಾರ ಸಂಜೆ ಅಪ್ಪ ಸ್ಟೇರಿಂಗಿಗೆ ಕೂತ. ಹದಿನೆಂಟು ವರ್ಷದ ಮೇಲೆ. ಗೇರು ಹಾಕುವಾಗ ಕೈ ಸ್ವಲ್ಪ ತಡವರಿಸಿತು, ಆಮೇಲೆ ಇಲ್ಲ. ಹೊಲದ ತನಕ ಹೋಗಿ ತಿರುಗಿಸಿಕೊಂಡು ಬಂದೆವು. ಮನೆಗೆ ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ, ಓಣಿಯೊಳಗೆ ತಿರುಗಿಸಿದ. ಕಿರಾಣಿ ಅಂಗಡಿ ಮುಂದೆ ನಿಧಾನ ಮಾಡಿ ನಿಲ್ಲಿಸಿದ. ಈಗ ಅಂಗಡಿಯಲ್ಲಿ ಕೂರುವುದು ಅಜ್ಜನ ಮೊಮ್ಮಗ, ನನಗಿಂತ ಎರಡು ವರ್ಷ ದೊಡ್ಡವನು. ಸದ್ದು ಕೇಳಿ ಒಳಗಿಂದ ಅವನ ಅವ್ವ, ಆ ರಾತ್ರಿ ಹಿಂದಿನ ಸೀಟಿನಲ್ಲಿದ್ದ ಸೊಸೆ, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದರು. ಗಾಡಿ ನೋಡಿದರು, ಅಪ್ಪನನ್ನು ನೋಡಿದರು.

"ಬಣ್ಣ ಅದನ ಹೊಡಸೀರಲ್ರೀ ಅಣ್ಣಾರ" ಅಂದರು. "ಬರ್ರಿ ಒಳಗ, ಚಹಾ ಕುಡದು ಹೋಗೀರಂತ."

ಅಪ್ಪ ಇಂಜಿನ್ ಬಂದ್ ಮಾಡಿ ಇಳಿದ.